ಭಾವ ಉಜ್ತಿರೋ ಆ ಕಿಟಕಿ

ತಂಗಿ, ನಿಮ್ಮ ಪತ್ರ ರಾತ್ರಿ ಓದಿದ್ದು, ಬೆಳಿಗ್ಗೆ ಎದ್ದು ಬೇರೆ ಪತ್ರಗಳನ್ನೆಲ್ಲಾ ಪಕ್ಕಕ್ಕಿಟ್ಟು ಇದಕ್ಕೇ ಕೂತೆ. ಎಂಟು ವರ್ಷದ ಮಗ, ಕ್ಲಾಸಲ್ಲಿ ಐದು ನಿಮಿಷ ಒಂದ್ಕಡೆ ಕೂರಲ್ಲ, ಬರೀತಿರೋದನ್ನ ಅರ್ಧಕ್ಕೇ ಬಿಟ್ಟು ಎದ್ದು ಹೋಗ್ತಾನೆ, ಎಡಿಎಚ್‌ಡಿ (ಗಮನ ನಿಲ್ಲದ, ಒಂದ್ಕಡೆ ಕೂರೋಕಾಗದ ತೊಂದರೆ) ಇರಬಹುದು ಒಂದ್ಸಲ ತೋರಿಸಿ ಅಂತ ಟೀಚರ್ ಹೇಳಿದ್ರು, ಭಾವ ಮಾತ್ರ "ಎರಡು ಬಿಟ್ರೆ ಸರಿಹೋಗ್ತಾನೆ, ಮುದ್ದು ಮಾಡಿ ಕೆಡಿಸಿದ್ದು ನೀನೇ" ಅಂತಿದಾರೆ. ತಪ್ಪು ನಂದಾ ಅಂತ ಕೇಳಿದೀರಿ. ಅಲ್ಲಮ್ಮ, ನಿಮ್ಮದಲ್ಲ.

ಆದ್ರೆ ಮೂರನೇ ಪುಟದಲ್ಲಿ ನೀವು ಹಂಗೇ ತೇಲಿಸಿ ಬರೆದಿರೋ ಒಂದು ಮಾತಿದೆಯಲ್ಲ, ನನ್ನ ನಿದ್ದೆಗೆಡಿಸಿದ್ದು ಅದು. ಹಳೇ ಮನೆ, ಕಿಟಕಿ ಬಣ್ಣ ಹೊಪ್ಪಳಿಕೆ ಎದ್ದಿದೆ, ಎರಡು ತಿಂಗಳಿಂದ ಭಾವ ಭಾನುವಾರ ಬಂದ್ರೆ ಸ್ಯಾಂಡ್‌ಪೇಪರ್ ಹಿಡಿದು ಉಜ್ತಾರೆ, "ಮಗ ಓದೋ ಟೇಬಲ್ ಮೇಲೆಲ್ಲಾ ಪುಡಿ, ಗುಡಿಸಿ ಗುಡಿಸಿ ಸಾಕಾಗಿದೆ".

ಆ ಪುಡಿಯಲ್ಲಿ ಏನಿದೆ ಅಂತ ಮನೇಲಿ ಒಬ್ಬರಾದ್ರೂ ಕೇಳಿದ್ರಾ? ಹಳೇ ಪೇಂಟಲ್ಲಿ ಸೀಸ, ಅಂದ್ರೆ ಲೆಡ್ ಅನ್ನೋ ವಿಷದ ಲೋಹ, ಇರೋದು ಮಾಮೂಲು. ನಿಮ್ಮ ಹುಡುಗ ಆ ಟೇಬಲ್ ಮೇಲೆ ಮೊಣಕೈ ಊರಿ, ಪೆನ್ಸಿಲ್ ತುದಿ ಕಚ್ತಾ, ಬೆರಳು ನೆಕ್ಕಿ ಪುಟ ತಿರುಗಿಸ್ತಾ ಕೂತಿರ್ತಾನೆ. ಮಕ್ಕಳ ಹೊಟ್ಟೆಗೆ ಹೋದ ಸೀಸದಲ್ಲಿ ಮೈಗೆ ಸೇರೋ ಪಾಲು ದೊಡ್ಡವರಿಗಿಂತ 4-5 ಪಟ್ಟು ಜಾಸ್ತಿ ಆಗಬಹುದು, ಮೈಯಲ್ಲಿ ಕಬ್ಬಿಣದ ಅಂಶ ಕಮ್ಮಿ ಇದ್ರಂತೂ ಇನ್ನೂ ಜಾಸ್ತಿ. ಮೈಗೆ ಅದು ಕ್ಯಾಲ್ಸಿಯಂ ಥರಾನೇ ಕಾಣುತ್ತೆ, ಮೂಳೆ ಹಲ್ಲಲ್ಲಿ ಹೋಗಿ ಕೂರುತ್ತೆ, ಬೆಳೀತಿರೋ ಮೆದುಳಲ್ಲಿ ಸಲ್ಲದ ಕಡೆ ಕೈ ಹಾಕುತ್ತೆ.

ಅಮೆರಿಕದಲ್ಲಿ ಹರ್ಬರ್ಟ್ ನೀಡಲ್‌ಮನ್ ಅನ್ನೋ ಡಾಕ್ಟರ್ ಒಂದನೇ ಎರಡನೇ ಕ್ಲಾಸ್ ಮಕ್ಕಳ ಬಿದ್ದುಹೋದ ಹಾಲುಹಲ್ಲು ಕೂಡಿಸಿ ಸೀಸ ಅಳೆದ್ರು, 1979ರಲ್ಲಿ ಅದು ಪ್ರಕಟ ಆಯ್ತು. ನೋಡೋಕೆ ಆ ಮಕ್ಕಳಿಗೆ ಯಾವ ಕಾಯಿಲೆನೂ ಇರ್ಲಿಲ್ಲ, ಆದ್ರೆ ಹಲ್ಲಲ್ಲಿ ಸೀಸ ಜಾಸ್ತಿ ಇದ್ದಷ್ಟೂ ಟೀಚರ್‌ಗಳ ದೂರು ಜಾಸ್ತಿ: ಗಮನ ನಿಲ್ಲಲ್ಲ, ಹೇಳಿದ್ದು ಮಾಡಲ್ಲ, ಹಿಡಿದ ಕೆಲಸ ಮುಗಿಸಲ್ಲ. ನಿಮ್ಮ ಮಗನ ಬಗ್ಗೆ ಬಂದಿರೋ ದೂರು ಇನ್ನೊಂದ್ಸಲ ಓದಿ.

ನಿಮ್ಮ ಭಾವನ ಮೇಲೆ ನನಗೆ ತುಂಬಾ ಸಿಟ್ಟು ಬಂದಿದೆ, ಮುಚ್ಚಿಡಲ್ಲ. ಧೂಳು ಎಬ್ಬಿಸ್ತಿರೋರೂ ಅವರೇ, ಹೊಡೀರಿ ಅನ್ನೋರೂ ಅವರೇ. ಪೇಂಟಲ್ಲಿ ಏನಿದೆ ಅಂತ ಗೊತ್ತಿಲ್ಲದೇ ಇರಬಹುದು, ಒಪ್ಪೋಣ, ಮಗು ಮೇಲೆ ಕೈ ಎತ್ತೋಕೆ ಹೇಳೋದು ತಪ್ಪು ಅಂತಾನೂ ಗೊತ್ತಿಲ್ವಾ? ಮಗುನ ಬೈಯೋ ಮುಂಚೆ ಅದರ ಮೈ ತೋರಿಸಿ, ಕಣ್ಣು, ಕಿವಿ, ನಿದ್ದೆ, ರಕ್ತ ಅಂತ ನಾನು ಇಲ್ಲಿ ಎಷ್ಟು ಸಲ ಬರೆದಿದೀನೋ, ಇನ್ನೂ ಬರೀತೀನಿ.

ಸೀಸವೇ ಕಾರಣ ಅಂತ ನಾನು ಹೇಳೋಕಾಗಲ್ಲ. ಎಡಿಎಚ್‌ಡಿ ಬಹಳಷ್ಟು ಮಟ್ಟಿಗೆ ವಂಶವಾಹಿಯಲ್ಲಿ ಬರೋದು, ಟೀಚರ್ ಮಾತು ಕೇಳಿ ಅದನ್ನೂ ತೋರಿಸಿ, ಎರಡೂ ಒಟ್ಟಿಗೇ ಇರೋ ಮಕ್ಕಳೂ ಇದಾರೆ. ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಸೀಸ ಕಾಣಲ್ಲ, ಅದಕ್ಕೇ ಹೇಳ್ತಿರೋದು: ಈ ವಾರವೇ ಮಕ್ಕಳ ಡಾಕ್ಟರ್ ಹತ್ರ ಹೋಗಿ 'ಬ್ಲಡ್ ಲೆಡ್ ಟೆಸ್ಟ್' ಅಂತ ಹೆಸರು ಹೇಳಿ ಕೇಳಿ ಮಾಡಿಸಿ. ಇಷ್ಟೇ ಸೇಫ್ ಅನ್ನೋ ಮಟ್ಟ ಸೀಸಕ್ಕಿಲ್ಲ, ಒಂದು ಡೆಸಿಲೀಟರ್ (100 ಮಿ.ಲೀ.) ರಕ್ತಕ್ಕೆ 5 ಮೈಕ್ರೋಗ್ರಾಂ ಮುಟ್ಟಿದ್ರೆ ಎಲ್ಲಿಂದ ಬರ್ತಿದೆ ಅಂತ ಹುಡುಕಿ ನಿಲ್ಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಂಬರ್ ಎಷ್ಟೇ ಬರಲಿ, ಉಜ್ಜೋದು ಇವತ್ತಿಂದ ಬಂದ್, ಪೊರಕೆ ಬಿಟ್ಟು ಒದ್ದೆ ಬಟ್ಟೇಲಿ ಒರೆಸಿ, ಟೇಬಲ್ ಬೇರೆ ರೂಮಿಗೆ ಹಾಕಿ.

ರಿಪೋರ್ಟ್ ಬಂದಮೇಲೆ ನಂಬರ್ ಎಷ್ಟು ಅಂತ ನನಗೆ ಬರೀರಿ, ಕಾಯ್ತಿರ್ತೀನಿ.