ನಮ್ಮೂರಿನ ಸರ್ಕಾರಿ ಬಾಲಕರ ಪ್ರೌಢಶಾಲೆಯ ಇತಿಹಾಸ ಬರೆಯಬೇಕಾಗಿದೆ, ಎಲ್ಲಿಂದ ಆರಂಭಿಸಲಿ?

ಅಡಿಗಲ್ಲಿನಿಂದ ಮಾತ್ರ ಆರಂಭಿಸಬೇಡಿ.

ಶಾಲೆಗೆ ನೂರು ತುಂಬುತ್ತಿದೆ, ಸ್ಮರಣ ಸಂಚಿಕೆಗೆ ಇತಿಹಾಸ ಬೇಕು, ಮುಖ್ಯೋಪಾಧ್ಯಾಯರ ಪಟ್ಟಿ ಮೊದಲೋ ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮೊದಲೋ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಇದೇ ಕೆಲಸ ನನ್ನ ಪಾಲಿಗೆ ಬಂದಿತ್ತು. ನಮ್ಮದು ಹಳೆಯ ಮೈಸೂರು ಸೀಮೆಯ ಒಂದು ತಾಲ್ಲೂಕು ಕೇಂದ್ರ. ನಾನೂ ನಮ್ಮ ತಂದೆಯೂ ಓದಿದ ಶಾಲೆ. ಮಂಗಳೂರು ಹೆಂಚಿನ ಮಾಡು, ಉದ್ದನೆಯ ಪಡಸಾಲೆ, ಬಾಗಿಲ ಪಕ್ಕದ ಗೋಡೆಯಲ್ಲಿ ಇಂಗ್ಲಿಷಿನಲ್ಲಿ ಕೆತ್ತಿದ ಒಂದು ಕಲ್ಲು. ಮೂರು ವರ್ಷ ಆ ಕಲ್ಲಿನ ಎದುರು ಸಾಲಿನಲ್ಲಿ ನಿಂತು ನಾಡಗೀತೆ ಹಾಡಿದ್ದೆ. ಅದರ ಇಸವಿ ಬಾಯಿಪಾಠವಾಗಿತ್ತು. ಅದೇ ಶಾಲೆ ಹುಟ್ಟಿದ ಇಸವಿ ಎಂದು ಬರೆದುಬಿಟ್ಟೆ.

ತಪ್ಪು ಎಲ್ಲಿ ಆಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅಲ್ಲಿಯೇ ಎಡವುತ್ತೀರಿ. ಕಲ್ಲು ಹೇಳಿದ್ದು ಕಟ್ಟಡಕ್ಕೆ ಶಂಕುಸ್ಥಾಪನೆಯಾದ ದಿನವನ್ನು. ಶಾಲೆ ಅದಕ್ಕೂ ಮೊದಲು ಪೇಟೆಯ ಛತ್ರದಲ್ಲಿ ನಡೆಯುತ್ತಿತ್ತು. ಅದಕ್ಕೂ ಹಿಂದೆ ಅದು ಎ.ವಿ. ಸ್ಕೂಲು, ಎಂದರೆ ಕನ್ನಡದ ಜೊತೆ ಇಂಗ್ಲಿಷ್ ಕಲಿಸುತ್ತಿದ್ದ ಆಂಗ್ಲೋ ವರ್ನಾಕ್ಯುಲರ್ ಶಾಲೆ. ಮಂಜೂರಾತಿಯ ಆದೇಶ, ಮೊದಲ ತರಗತಿ, ಕಟ್ಟಡ, ಎ.ವಿ. ಸ್ಕೂಲು ಹೈಸ್ಕೂಲಾದದ್ದು: ಈ ನಾಲ್ಕಕ್ಕೂ ಬೇರೆ ಬೇರೆ ಇಸವಿ. ದೊಡ್ಡ ಶಾಲೆಗಳ ಕಥೆಯೂ ಹೀಗೆಯೇ. ಮೈಸೂರಿನ ಮಹಾರಾಜ ಕಾಲೇಜಿನ ಬೇರು ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಉಚಿತ ಇಂಗ್ಲಿಷ್ ಶಾಲೆಯಲ್ಲಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜು 1858ರಲ್ಲಿ ಹುಟ್ಟಿದ್ದು ಬೆಂಗಳೂರು ಹೈಸ್ಕೂಲಾಗಿ. ಆ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ಬಿ. ಎಲ್. ರೈಸ್ ಅವರೇ ಮುಂದೆ ನಾಡೆಲ್ಲ ಸುತ್ತಿ ಸುಮಾರು 9,000 ಶಾಸನಗಳನ್ನು ಅಚ್ಚಿಗೆ ತಂದವರು. ಕೆರೆ ಕಟ್ಟಿಸಿದ ಕಲ್ಲು ಕೆರೆಯ ಮಾತನ್ನಷ್ಟೇ ಹೇಳುತ್ತದೆ, ಊರು ಹುಟ್ಟಿದ ದಿನವನ್ನಲ್ಲ. ಶಾಸನ ಓದುವವರಿಗೆ ಇದು ಮೊದಲ ಪಾಠ. ನಾನು ನಮ್ಮ ಶಾಲೆಯ ಒಂದೇ ಒಂದು ಕಲ್ಲನ್ನು ಹಾಗೆ ಓದಲಿಲ್ಲ.

ಓದಿದ್ದರೆ ದಾಖಲಾತಿ ವಹಿ ಹುಡುಕುತ್ತಿದ್ದೆ. ಕಚೇರಿಯಲ್ಲಿ ಕೇಳಿದಾಗ "ಹಳೆಯ ವಹಿಗಳನ್ನೆಲ್ಲ ಗೆದ್ದಲು ತಿಂದಿದೆ ಸಾರ್" ಎಂದರು. ತಿಂದು ಉಳಿದದ್ದನ್ನಾದರೂ ತೋರಿಸಿ ಎಂದು ನಾನು ಕೇಳಲಿಲ್ಲ. ಇಸವಿ ಕೈಯಲ್ಲಿತ್ತು, ಇನ್ನೇನು ಬೇಕು ಎಂದುಕೊಂಡೆ. ಸಾವಿರ ಪ್ರತಿ ಅಚ್ಚಾಯಿತು. "ನಮ್ಮ ಶಾಲೆ ನೂರು ವರ್ಷಗಳಿಂದ ಈ ಊರಿನ ಗಂಡುಮಕ್ಕಳನ್ನು ಬೆಳೆಸಿದೆ" ಎಂಬುದು ನನ್ನ ಮೊದಲ ವಾಕ್ಯ.

ಸಮಾರಂಭ ಮುಗಿದ ಮೇಲೆ ನಮ್ಮ ಹಿಂದಿನ ಬೀದಿಯ ಒಬ್ಬ ಅಜ್ಜಿ ಹೇಳಿ ಕಳುಹಿಸಿದರು. ಎಂಬತ್ತೈದು ದಾಟಿದವರು. ಸಂಚಿಕೆ ಅವರ ತೊಡೆಯ ಮೇಲಿತ್ತು. "ಎಲ್ಲ ಓದಿಸಿಕೊಂಡೆ ಕಣಪ್ಪಾ. ಹಾಗಾದರೆ ನಾನು ಓದಿದ್ದು ಯಾವ ಶಾಲೆ?" ಎಂದು ಕೇಳಿದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅವರೂ ಇನ್ನು ಕೆಲವು ಹುಡುಗಿಯರೂ ಇದೇ ಪಡಸಾಲೆಯ ಕೊನೆಯ ಕೋಣೆಯಲ್ಲಿ, ಮುಂದಿನ ಬೆಂಚಿನಲ್ಲಿ ಕುಳಿತು ಓದಿದ್ದರು. ಊರಿಗೆ ಬಾಲಕಿಯರ ಪ್ರೌಢಶಾಲೆ ಬಂದ ಮೇಲೆಯೇ ನಮ್ಮ ಶಾಲೆಯ ಹೆಸರಿನಲ್ಲಿ "ಬಾಲಕರ" ಎಂಬ ಮಾತು ಸೇರಿದ್ದು. ನಾನು ತಬ್ಬಿಬ್ಬಾಗಿ, ಮುಂದಿನ ವಾರ ಪುಸ್ತಕ ಪೆನ್ನು ತರುತ್ತೇನೆ ಅಜ್ಜಿ ಎಂದೆ. ಮುಂದಿನ ವಾರ ಅವರನ್ನು ಮಗಳು ತುಮಕೂರಿಗೆ ಕರೆದುಕೊಂಡು ಹೋಗಿದ್ದರು. ಆ ಚಳಿಗಾಲದಲ್ಲಿ ಅಲ್ಲಿಯೇ ತೀರಿಕೊಂಡರು.

ವಹಿ ಆಮೇಲೆ ಸಿಕ್ಕಿತು. ಗೆದ್ದಲು ತಿಂದಿರಲಿಲ್ಲ. ಕಾಂಪೌಂಡಿನ ಆಚೆಯ ಪ್ರಾಥಮಿಕ ಶಾಲೆಯ ಬೀರುವಿನಲ್ಲಿತ್ತು, ಏಕೆಂದರೆ ಎ.ವಿ. ಸ್ಕೂಲಿನ ಆಸ್ತಿಯೆಲ್ಲ ಅವರಿಗೆ ಹೋಗಿತ್ತು. ಹೆಸರು, ತಂದೆಯ ಕಸುಬು, ಜಾತಿ, ಬಿಟ್ಟ ದಿನ, ಬಿಟ್ಟ ಕಾರಣ. "ಮದುವೆ" ಎಂಬ ಕಾರಣದ ಎದುರು ನಾಲ್ಕು ಹೆಸರುಗಳಿದ್ದವು. "ಶುಲ್ಕ ಕಟ್ಟಿಲ್ಲ" ಎಂಬುದರ ಎದುರು ಪುಟಗಟ್ಟಲೆ. ಶಾಲೆಯ ಇತಿಹಾಸ ಅಲ್ಲಿದೆ ಸ್ವಾಮಿ. ಆದ್ದರಿಂದ ನಿಮ್ಮ ಎರಡು ಪಟ್ಟಿಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಂತ್ರಿಯಾದವರ, ಅಧಿಕಾರಿಯಾದವರ ಹೆಸರನ್ನು ಊರೇ ನೆನಪಿಟ್ಟುಕೊಂಡಿರುತ್ತದೆ. ಒಂಬತ್ತನೇ ತರಗತಿಯಲ್ಲಿ ಬಿಟ್ಟವನ ಹೆಸರು ವಹಿಯಲ್ಲಲ್ಲದೆ ಬೇರೆಲ್ಲಿಯೂ ಇಲ್ಲ. ಶಾಲೆ ಎಷ್ಟು ಹಳೆಯದು ಎಂದು ಸಾಧಿಸುವ ಹಟವನ್ನೂ ಬಿಡಿ.

ನಿಮ್ಮ ಊರು ಯಾವ ಸೀಮೆಯದು ಎಂದು ನೀವು ತಿಳಿಸಿಲ್ಲ. 1956ಕ್ಕೆ ಮೊದಲು ಅದು ಯಾವ ಆಡಳಿತದಲ್ಲಿತ್ತು ಎಂಬುದರ ಮೇಲೆ ಕಾಗದಪತ್ರದ ಜಾಡು ಬದಲಾಗುತ್ತದೆ. ಧಾರವಾಡ, ಬಿಜಾಪುರದ ಕಡೆಯವರು ಮುಂಬಯಿ ಪ್ರಾಂತದ ವರದಿ ನೋಡಬೇಕು, ಮಂಗಳೂರು, ಕೊಳ್ಳೇಗಾಲದವರು ಮದರಾಸಿನದು. ಕಲಬುರಗಿ, ರಾಯಚೂರು, ಬೀದರಿನವರಾದರೆ ನಿಜಾಮರ ಕಾಲದ ವಹಿ ಉರ್ದುವಿನಲ್ಲಿದ್ದು ಫಸಲಿ ಇಸವಿ, ಎಂದರೆ ಕಂದಾಯದ ಲೆಕ್ಕದ ಇಸವಿ, ಹಾಕಿರಬಹುದು. ಅದಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ. ಮೈಸೂರು ಸಂಸ್ಥಾನದ್ದಾದರೆ ವಿದ್ಯಾ ಇಲಾಖೆಯ ವಾರ್ಷಿಕ ವರದಿಗಳ ಜೊತೆಗೆ 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯ ನಡವಳಿಗಳನ್ನೂ ತಿರುವಿ ಹಾಕಿ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ.

ಆದರೆ ಪತ್ರಾಗಾರ ಮುಂದಿನ ತಿಂಗಳೂ ಅಲ್ಲಿಯೇ ಇರುತ್ತದೆ. ಈ ಭಾನುವಾರ ನಿಮ್ಮ ಊರಿನ ಎಂಬತ್ತು ದಾಟಿದವರ ಮನೆಗಳಿಗೆ ಹೋಗಿ. ಗಂಡಸರನ್ನು ಮಾತನಾಡಿಸಿ ಎದ್ದುಬಿಡಬೇಡಿ, ಒಳಗೆ ಕುಳಿತ ಅಜ್ಜಿಯನ್ನೂ "ನೀವು ಎಲ್ಲಿ ಓದಿದಿರಿ?" ಎಂದು ಕೇಳಿ.

ನಮ್ಮ ಸಂಚಿಕೆಯ ಇನ್ನೂರ ಚಿಲ್ಲರೆ ಪ್ರತಿಗಳು ಶಾಲೆಯ ಗ್ರಂಥಾಲಯದಲ್ಲಿ ಉಳಿದಿದ್ದವು. ವಹಿಯಲ್ಲಿ ಸಿಕ್ಕ ಏಳು ಹುಡುಗಿಯರ ಹೆಸರುಗಳನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ, ಎರಡು ಶನಿವಾರ ಕುಳಿತು, ಪ್ರತಿಯೊಂದರ ಮೊದಲ ಪುಟಕ್ಕೂ ಅಂಟಿಸಿದೆ. ಹಂಚಿಹೋದ ಪ್ರತಿಗಳಲ್ಲಿ ಆ ಚೀಟಿ ಇಲ್ಲ. ಅಜ್ಜಿಯ ಮನೆಯಲ್ಲಿರುವ ಪ್ರತಿಯಲ್ಲಿಯೂ ಇಲ್ಲ.