ಅಡುಗೆಮನೆ ಪ್ಯಾನೆಲ್ ಕೊಯ್ಯಲು ಜಿಗ್‌ಸಾ ತಗೊಳ್ಳಲಾ, ಸರ್ಕ್ಯುಲರ್ ಸಾ ತಗೊಳ್ಳಲಾ?

ಇದು ನಿಮ್ಮ ಪ್ರಶ್ನೆ. ಎರಡೂ ಕರೆಂಟಿನ ಗರಗಸ: ಜಿಗ್‌ಸಾದ ಬ್ಲೇಡ್ ಮೇಲೆ ಕೆಳಗೆ ಆಡುತ್ತದೆ, ಸರ್ಕ್ಯುಲರ್ ಸಾದ ದುಂಡು ಬ್ಲೇಡ್ ತಿರುಗುತ್ತದೆ. ನೀವು ಹೇಳಿದ ಹಾಗೆ ನಿಮ್ಮ ಸುರತ್ಕಲ್ ಫ್ಲ್ಯಾಟಿನ ಅಡುಗೆಮನೆಯಲ್ಲಿ ಎರಡು ತೊಂದರೆ. ಫ್ರಿಜ್ ಪಕ್ಕದ ಪ್ಯಾನೆಲ್ ಮುಂದೆ ಚಾಚಿಕೊಂಡಿದೆ, ಅದನ್ನು ಉದ್ದಕ್ಕೂ ಎರಡು ಸೆಂಟಿಮೀಟರ್ ಕೊಯ್ಯಬೇಕು. ಜೊತೆಗೆ ಕಪಾಟಿನ ಎರಡು ಶಟರ್ (ಬಾಗಿಲು) ಒಂದಕ್ಕೊಂದು ಉಜ್ಜುತ್ತಿವೆ.

ಶಟರಿಗೆ ಗರಗಸ ಮುಟ್ಟಿಸಬೇಡಿ. ಒಳಗಿನ ಹಿಂಜ್‌ಗೆ ಅಡ್ಜಸ್ಟ್ ಮಾಡುವ ಸ್ಕ್ರೂ ಇರುತ್ತದೆ, ಅರ್ಧ ಸುತ್ತು ತಿರುಗಿಸಿ ನೋಡಿ. ಬಹಳಷ್ಟು ಸಲ ಅಲ್ಲಿಗೇ ಮುಗಿಯುತ್ತದೆ. ಮರದ ಬಾಗಿಲಿಗೂ ಆತುರದಲ್ಲಿ ಗರಗಸ ಬೇಡ. ನಮ್ಮ ಉಡುಪಿ ಮನೆಯ ಹಲಸಿನ ಮರದ ಬಾಗಿಲು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಉಬ್ಬಿ ಬಿಗಿಯಾಗುತ್ತದೆ. ಆಗ ಕೊಯ್ದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಒಂದೆರಡು ಮಿಲಿಮೀಟರ್ ಮಾತ್ರ ತೆಗೆಯಬೇಕಾದ ಕಡೆಯೂ ಗರಗಸಕ್ಕಿಂತ ಕೀಸುಳಿಯೇ ವಾಸಿ.

ಪ್ಯಾನೆಲ್‌ಗೆ ಸರ್ಕ್ಯುಲರ್ ಸಾ. ಜಿಗ್‌ಸಾ ಸಿಂಕಿನ ಕಿಂಡಿಗೋ ಪೈಪಿನ ತೂತಿಗೋ ಚೆನ್ನ. ಆರೇಳು ಅಡಿ ನೇರ ಕೊಯ್ಯಲು ಹೊರಟರೆ ಅದರ ಸಪೂರ ಬ್ಲೇಡ್ ಓರೆ ಹೋಗುತ್ತದೆ.

ಆದರೆ ಯಂತ್ರಕ್ಕಿಂತ ಬ್ಲೇಡ್ ಮುಖ್ಯ. 7 ಇಂಚಿನ ಸಾ ಜೊತೆ ಹೆಚ್ಚಾಗಿ ಬರುವುದು 24 ಹಲ್ಲಿನ ಬ್ಲೇಡ್. ಅದು ಹಲಗೆ ಸೀಳುವುದಕ್ಕೆ. ಲ್ಯಾಮಿನೇಟ್ ಹಾಕಿದ ಪ್ಲೈಗೆ 60 ಹಲ್ಲಿನ ಟಿಸಿಟಿ (ಹಲ್ಲಿನ ತುದಿಗೆ ಗಟ್ಟಿ ಕಾರ್ಬೈಡ್ ಕೂರಿಸಿದ) ಬ್ಲೇಡ್ ಕೇಳಿ ತನ್ನಿ.

ಇನ್ನು ಯಾವ ಮುಖ ಮೇಲೆ? ಇಲ್ಲೇ ತುಂಬಾ ಜನ ಎಡವುವುದು. ಸರ್ಕ್ಯುಲರ್ ಸಾದ ಹಲ್ಲು ಕೆಳಗಿನಿಂದ ಮೇಲಕ್ಕೆ ಬರುತ್ತದೆ, ಹಾಗಾಗಿ ಲ್ಯಾಮಿನೇಟ್ ಚಕ್ಕೆ ಏಳುವುದು ಮೇಲಿನ ಮುಖದಲ್ಲಿ. ಕಣ್ಣಿಗೆ ಕಾಣುವ ಬದಿ ಕೆಳಗಿರಲಿ, ಫ್ರಿಜ್ ಕಡೆಯ ಬದಿ ಮೇಲಿರಲಿ. ಸಾದಾ ಬ್ಲೇಡಿನ ಜಿಗ್‌ಸಾಗೂ ಇದೇ ಲೆಕ್ಕ. ಕೈಗರಗಸದಲ್ಲಿ ಕೊಯ್ಯುವುದಾದರೆ ಮಾತ್ರ ಉಲ್ಟಾ, ಅದು ಕೆಳಕ್ಕೆ ಒತ್ತುವಾಗ ಕೊಯ್ಯುತ್ತದೆ.

ಕೆಳಗೆ ಒಂದು ಹಳೇ ಪ್ಲೈ ತುಂಡು ಹಾಸಿ. ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಲ್ಯಾಮಿನೇಟ್ ಕೊರೆಯುವ ಚೂರಿಯಿಂದ ಒಮ್ಮೆ ಗಟ್ಟಿಯಾಗಿ ಗೀರಿ. ಬ್ಲೇಡ್ ಹಲಗೆಯ ಅಡಿಯಿಂದ ನಾಲ್ಕೈದು ಮಿಲಿಮೀಟರ್ ಹೊರಬಂದರೆ ಸಾಕು. ಅಲ್ಯೂಮಿನಿಯಂ ಚಾನೆಲ್ ಒಂದನ್ನು ಕ್ಲ್ಯಾಂಪ್ ಹಾಕಿ ಬಿಗಿದು, ಯಂತ್ರವನ್ನು ಅದಕ್ಕೆ ತಾಗಿಸಿ ಓಡಿಸಿ. ಕಣ್ಣಂದಾಜು ಬೇಡ.

ಮನೆಯಲ್ಲಿರುವ 4 ಇಂಚಿನ ಮಾರ್ಬಲ್ ಕಟರ್ ಆಗಲ್ವಾ ಅಂತ ಕೇಳಿದ್ದೀರಿ. ಮರದ ಬ್ಲೇಡ್ ಹಾಕಿದರೆ 18 ಮಿಲಿಮೀಟರ್ ಪ್ಲೈ ಕೊಯ್ಯುತ್ತದೆ, ಆಚಾರಿಗಳು ದಿನಾ ಅದರಲ್ಲೇ ಮಾಡುತ್ತಾರೆ. ಆದರೆ ಸರ್ಕ್ಯುಲರ್ ಸಾದ ಹಾಗೆ ಕೆಳಗಿನ ಗಾರ್ಡ್ ತಾನೇ ಮುಚ್ಚಿಕೊಳ್ಳುವುದಿಲ್ಲ, ಸ್ವಿಚ್ ಬಿಟ್ಟ ಮೇಲೂ ತೆರೆದ ಬ್ಲೇಡ್ ತಿರುಗುತ್ತಿರುತ್ತದೆ. ಕೈ ಪಳಗದವರಿಗೆ ನಾನು ಹೇಳುವುದಿಲ್ಲ. ಆಂಗಲ್ ಗ್ರೈಂಡರಿಗೆ (ಲೋಹ ಉಜ್ಜುವ ಕೈಯಂತ್ರ) ಮರದ ಬ್ಲೇಡ್ ಹಾಕುವ ಯೋಚನೆಯಂತೂ ಬೇಡವೇ ಬೇಡ.

ಇದೊಂದೇ ಕೆಲಸಕ್ಕೆ ಯಂತ್ರ ಕೊಳ್ಳುವ ಬದಲು, ಪ್ಯಾನೆಲ್ ಬಿಚ್ಚಿ ಪ್ಯಾನೆಲ್ ಸಾ (ಹಲಗೆ ಕೊಯ್ಯುವ ದೊಡ್ಡ ಯಂತ್ರ) ಇರುವ ಫರ್ನಿಚರ್ ವರ್ಕ್‌ಶಾಪಿಗೆ ಒಯ್ಯಿರಿ. ಅದರಲ್ಲಿ ದೊಡ್ಡ ಬ್ಲೇಡಿನ ಮುಂದೆ ಇನ್ನೊಂದು ಸಣ್ಣ ಬ್ಲೇಡ್ ಅಡಿಯ ಲ್ಯಾಮಿನೇಟನ್ನು ಮೊದಲೇ ಗೀರುತ್ತದೆ. ಎರಡೂ ಬದಿ ನೀಟಾಗಿ ಬರುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತಿದ್ದೆ.

ಮನೆಯಲ್ಲೇ ಕೊಯ್ಯುವುದಾದರೆ ಬಾಲ್ಕನಿಯಲ್ಲಿ, ಕನ್ನಡಕ ಮತ್ತು ಮಾಸ್ಕ್ ಹಾಕಿಕೊಂಡು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆದರೆ ಹುಡಿ ಇನ್ನೂ ಜಾಸ್ತಿ. ಕೊಯ್ದ ಅಂಚನ್ನು ಹಾಗೇ ಬಿಡಬೇಡಿ, ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಅಂಟಿಸಿ. ನೆಲಕ್ಕೆ ತಾಗುವ ಅಂಚು ಕಾಣುವುದಿಲ್ಲ ಅಂತ ಸುಮ್ನೆ ಬಿಟ್ಟರೆ, ಪಾರ್ಟಿಕಲ್ ಬೋರ್ಡ್ (ಮರದ ಚೂರು ಅಂಟಿಸಿ ಮಾಡಿದ ಹಲಗೆ) ಅಲ್ಲಿಂದಲೇ ನೆಲ ಒರೆಸಿದ ನೀರು ಕುಡಿದು ಊದುತ್ತದೆ. ಒಣಗಿದ ಮೇಲೂ ಮೊದಲಿನ ಹಾಗೆ ಆಗುವುದಿಲ್ಲ.