ಕುಸ್ವಾರ್‌ಗೆ ಸಣ್ಣ ಕೈಗಳು

ಪ್ರಶ್ನೆ: ಆಂಟಿ, ನಾನು ಮಂಗಳೂರಿನವಳು, ಈಗ ಬೆಂಗಳೂರಿನಲ್ಲಿದ್ದೇನೆ. 9 ವರ್ಷದ ಮಗಳು, 4 ವರ್ಷದ ಮಗ ಇದ್ದಾರೆ. ತವರಲ್ಲಿ ಕ್ರಿಸ್‌ಮಸ್‌ಗೆ ಎಲ್ಲರೂ ಸೇರಿ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು ಮಾಡುತ್ತಿದ್ದೆವು. ನನ್ನ ಮಕ್ಕಳ ಜೊತೆಗೂ ಮಾಡುವ ಆಸೆ. ಆದರೆ ಬಿಡುವಿರುವುದು ಭಾನುವಾರ ಮಾತ್ರ. ಮಗಳು ಬೇರೆ ‘ಅಂಗಡಿಯಲ್ಲೇ ಸಿಗುತ್ತಲ್ಲ ಮಮ್ಮಿ, ಸುಮ್ನೆ ಯಾಕೆ?’ ಅನ್ನುತ್ತಾಳೆ. ಎಲ್ಲಿಂದ ಶುರು ಮಾಡಲಿ? ಮಾಡಿದ್ದನ್ನು ಹಬ್ಬಕ್ಕೆ ಮೊದಲೇ ತಿನ್ನಲು ಕೊಡಬಹುದಾ?
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಮಗಳು ಹೇಳಿದ್ದರಲ್ಲಿ ತಪ್ಪೇನಿಲ್ಲ ಬಿಡಿ. ಡಿಸೆಂಬರ್ ಬಂದರೆ ಮಂಗಳೂರಿನ ಬೇಕರಿಗಳಲ್ಲಿ ಕುಸ್ವಾರ್ ಪೊಟ್ಟಣಗಳು ಸಾಲಾಗಿ ಕೂತಿರುತ್ತವೆ. ನಾನೂ ತರುತ್ತೇನೆ. ಪೆರಾದ್ ಮಾಡಬೇಕೆಂದರೆ ಪೇರಳೆ ತಿರುಳಿಗೆ ಸಕ್ಕರೆ ಹಾಕಿ ತಳ ಬಿಡುವ ತನಕ ಮಗುಚುತ್ತಲೇ ಇರಬೇಕು. ನನ್ನ ಭುಜ ಈಗ ಅದಕ್ಕೆ ಒಪ್ಪುವುದಿಲ್ಲ. ರೋಸ್ ಕುಕೀಸ್ ಅಚ್ಚನ್ನು ಕಾದ ಎಣ್ಣೆಯಲ್ಲೇ ಇಟ್ಟಿರಬೇಕು, ಅದನ್ನು ಮಕ್ಕಳ ಕೈಗೆ ಕೊಡುವ ಮಾತೇ ಇಲ್ಲ. ಇವೆರಡನ್ನೂ ಕೊಂಡುಬಿಡಿ. ಮನೆಯಲ್ಲಿ ಮಾಡುವುದು ಒಂದೇ ಇರಲಿ: ಕಿಡಿಯೊ, ಸುರುಳಿ ಸುತ್ತಿ ಕರಿದು ಪಾಕ ಹಾಕುವ ಸಿಹಿ. ನಿಮ್ಮ ಬೆಂಗಳೂರಿನ ಗೆಳತಿಯರು ಕುಲ್‌ಕುಲ್ ಅನ್ನುತ್ತಾರಲ್ಲ, ಅದೇ.

ಕೇಕ್‌ನಿಂದ ಮಾತ್ರ ಶುರು ಮಾಡಬೇಡಿ. ಅದರಲ್ಲಿ ಮಕ್ಕಳಿಗೆ ಏನು ಕೆಲಸ ಹೇಳಿ? ಸ್ವಲ್ಪ ಹೊತ್ತು ಕಲಸುತ್ತಾರೆ, ಆಮೇಲೆ ಓವನ್ ಮುಂದೆ ಕಾದು ಕಾದು ಬೇಜಾರಾಗಿ ಟಿವಿ ಹಾಕುತ್ತಾರೆ. ಕಿಡಿಯೊ ಹಾಗಲ್ಲ. ಅರ್ಧ ಕಿಲೋ ಹಿಟ್ಟು ಹಿಡಿದು ಒಬ್ಬರೇ ಕೂತರೆ ಸೊಂಟ ಬಿದ್ದೇ ಹೋಗುತ್ತದೆ. ಅಲ್ಲಿ ಮಕ್ಕಳ ಕೈ ನಿಜವಾಗಿಯೂ ಬೇಕು. ಮಂಗಳೂರಿನ ಕುಲಶೇಖರದ ನಮ್ಮ ಮನೆಯಲ್ಲಿ ಊಟದ ಮೇಜಿಗೆ ಪೇಪರ್ ಹಾಸಿ ಸುತ್ತ ಕೂರಿಸುತ್ತಿದ್ದರು. ಅಮ್ಮ ಜಪಸರ ಶುರು ಮಾಡುತ್ತಿದ್ದರು. ಜಪಸರ ಮುಗಿಯುತ್ತಿತ್ತು, ಹಿಟ್ಟು ಮುಗಿಯುತ್ತಿರಲಿಲ್ಲ.

ಅಳತೆ ಬರೆದುಕೊಳ್ಳಿ. ಅರ್ಧ ಕಿಲೋ ಮೈದಾ, 2 ಮೊಟ್ಟೆ, 3 ದೊಡ್ಡ ಚಮಚ ಸಕ್ಕರೆ ಪುಡಿ, ಚಿಟಿಕೆ ಉಪ್ಪು, 2 ದೊಡ್ಡ ಚಮಚ ಬಿಸಿ ತುಪ್ಪ. ದಪ್ಪ ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಿ. ಆಮೇಲೆ ಗೋಲಿ ಗಾತ್ರದ ಉಂಡೆ. ಉಂಡೆ ಕಟ್ಟುವುದು 4 ವರ್ಷದವನ ಇಲಾಖೆ. ಒಂದು ದೊಡ್ಡದು, ಒಂದು ಚಿಕ್ಕದು ಆಗುತ್ತದೆ, ಆಗಲಿ. ಕರಿಯುವಾಗ ನೀವು ಗಾತ್ರ ನೋಡಿ ಬೇರೆ ಬೇರೆ ಹಾಕಿದರಾಯಿತು. ಮಗಳಿಗೆ ಫೋರ್ಕ್ ಕೊಡಿ. ಅದರ ಬೆನ್ನಿಗೆ ತುಪ್ಪ ಸವರಿ, ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ತೆಳ್ಳಗೆ ಹರಡಿ, ತುದಿಯಿಂದ ಸುರುಳಿ ಸುತ್ತಬೇಕು. ಹೊಸ ಬಾಚಣಿಗೆ ಇದ್ದರೆ ಇನ್ನೂ ಚೆಂದ, ಗೆರೆ ಒತ್ತೊತ್ತಾಗಿ ಬೀಳುತ್ತದೆ. ಕೊನೆಯ ಅಂಚನ್ನು ಗಟ್ಟಿಯಾಗಿ ಅದುಮಲು ಹೇಳಿ. ಇಲ್ಲದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ.

ಹಸಿ ಹಿಟ್ಟು ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ. ಹಸಿ ಮೊಟ್ಟೆಯಷ್ಟೇ ಅಲ್ಲ, ಹಸಿ ಮೈದಾದಿಂದಲೂ ಹೊಟ್ಟೆ ಕೆಡಬಹುದು. ಪಕ್ಕದಲ್ಲಿ ಒಂದು ಬಟ್ಟಲು ಒಣದ್ರಾಕ್ಷಿ ಇಟ್ಟರೆ ಬಾಯಿ ಸುಮ್ಮನಿರುತ್ತದೆ. ಕರಿಯುವುದು, ಪಾಕ ಹಾಕುವುದು ನಿಮ್ಮ ಕೆಲಸ. ಆಗ ಮಕ್ಕಳು ಅಡುಗೆಮನೆಯಿಂದ ಹೊರಗೆ. ಸಕ್ಕರೆ ಪಾಕ ನೀರಿನಂತೆ ಜಾರಿ ಹೋಗುವುದಿಲ್ಲ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಮಧ್ಯಮ ಉರಿಯಲ್ಲೇ ಕರಿಯಿರಿ. ಉರಿ ಜಾಸ್ತಿಯಾದರೆ ಹೊರಗೆ ಕೆಂಪು, ಒಳಗೆ ಹಸಿ.

ತಿನ್ನುವ ವಿಷಯ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ಕಾಯುವ ಕಾಲ, ನಿಜ. ನಮ್ಮಮ್ಮ ಡಬ್ಬಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆಯೇ ಬೀಗದ ಕೈ ಹೊರಗೆ ಬರುತ್ತಿದ್ದದ್ದು. ನನಗೆ ಅಷ್ಟು ಕಟ್ಟುನಿಟ್ಟು ಬೇಕಿಲ್ಲ ಅನಿಸುತ್ತದೆ. ಆ ನಾಲ್ಕು ಭಾನುವಾರಗಳಲ್ಲಿ ಮೂರನೆಯದು ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚುವ ದಿನ. ಸಂತೋಷಪಡಿ ಎಂದು ಧರ್ಮಸಭೆಯೇ ಹೇಳುವ ಭಾನುವಾರ ಅದು. ಅವತ್ತೇ ಕಿಡಿಯೊ ಮಾಡಿ, ಅವತ್ತು ಮಕ್ಕಳು ತಿನ್ನಲಿ. ಉಳಿದದ್ದು ಪೂರ್ತಿ ತಣ್ಣಗಾದ ಮೇಲೆ ಡಬ್ಬಿಗೆ. ಗಾಳಿಯಾಡದಿದ್ದರೆ ಹಬ್ಬದ ತನಕ ಗರಿಗರಿಯಾಗಿರುತ್ತದೆ.

ಅಂದಹಾಗೆ, ತಟ್ಟೆ ಜೋಡಿಸುವಾಗ ಸೊಟ್ಟಗಿರುವುದನ್ನು ಆರಿಸಿ ತೆಗೆಯಬೇಡಿ. ಅಕ್ಕಪಕ್ಕದ ಮನೆಗೆ ತಟ್ಟೆ ಒಯ್ಯುವ ಕೆಲಸ ಮಕ್ಕಳದ್ದೇ ಆಗಲಿ. ‘ಇದು ನಾನು ಮಾಡಿದ್ದು’ ಎಂದು ಎದುರು ಮನೆಯ ಅಜ್ಜಿಗೆ ತೋರಿಸಲು ಮಗನಿಗೆ ಅವನ ಸೊಟ್ಟ ಕಿಡಿಯೊನೇ ಬೇಕು. ಅಂಗಡಿ ಪೊಟ್ಟಣ ಹಿಡಿದು ಹೋದರೆ ಮಗಳು ಏನು ತೋರಿಸುತ್ತಾಳೆ? ಮಗಳಿಗೆ ಇಷ್ಟು ಉತ್ತರ ಸಾಕು ಅಲ್ವಾ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊಟ್ಟೆ ತಿನ್ನದವರೂ ಇದ್ದಾರೆ, ಮುಸ್ಲಿಂ ಕುಟುಂಬವೂ ಇದೆ. ತಟ್ಟೆಯಲ್ಲಿ ಏನಿಡಲಿ?
— ಓದುಗರು, ಉಡುಪಿ

ಉತ್ತರ: ಮೊಟ್ಟೆ ತಿನ್ನದವರಿಗೆ ಚಕ್ಕುಲಿ, ಎಳ್ಳುಂಡೆ, ಮೊಟ್ಟೆ ಹಾಕದ ನೆವ್ರಿಯೊ (ಕರ್ಜಿಕಾಯಿಯಂಥದ್ದು) ಕೊಡಿ. ಮನೆಯಲ್ಲೇ ಮಾಡಿದ ಪೆರಾದ್ ಕೂಡ ಆಗುತ್ತದೆ, ಅದು ಪೇರಳೆ, ಸಕ್ಕರೆ, ಲಿಂಬೆರಸ ಅಷ್ಟೇ. ಆದರೆ ಎಣ್ಣೆಯನ್ನು ಮರೆಯಬೇಡಿ. ಹೊಸ ಎಣ್ಣೆಯಲ್ಲಿ ಮೊದಲು ಚಕ್ಕುಲಿ, ನೆವ್ರಿಯೊ ಕರಿದು ಬೇರೆ ಡಬ್ಬಿಗೆ ಹಾಕಿ, ಆಮೇಲೆ ಕಿಡಿಯೊ, ರೋಸ್ ಕುಕೀಸ್. ರಮ್ ಕೇಕನ್ನು ಮುಸ್ಲಿಂ ಮನೆಗೆ ಕೊಡಬೇಡಿ. ಕೇಕ್ ಕೊಡಲೇಬೇಕೆಂದಿದ್ದರೆ ಒಣಹಣ್ಣನ್ನು ಕಿತ್ತಳೆ ರಸದಲ್ಲಿ ಒಂದು ರಾತ್ರಿ ಫ್ರಿಜ್‌ನಲ್ಲಿ ನೆನೆಸಿ ಮಾಡಿ. ತಟ್ಟೆ ಕೊಡುವ ಮಗುವಿಗೂ ಯಾವುದರಲ್ಲಿ ಏನಿದೆ ಎಂದು ಹೇಳಿ ಕಳಿಸಿ. ಕೇಳಿದರೆ ಹೇಳಬೇಕಲ್ಲ.